ಕಯಮೆ ಅಂದ್ರೆ ಯಾವ ಕಯಮೆ?

ಕಯಮೆ ಅಂದ್ರೆ ನಮ್ಮ ಉಡುಪಿ ಕಡೆಯ ಒಂದು ಹಳೇ ಭತ್ತದ ತಳಿ. ನಮ್ಮ ಬ್ರಹ್ಮಾವರ ಕಡೆ ಯಾರ ಹತ್ರ ಕೇಳಿದ್ರೂ "ಮೊದ್ಲು ನಾವೂ ಕಯಮೆ ಮಾಡ್ತಿದ್ವಿ" ಅಂತಾರೆ, ಈಗ ಬಯಲಿಗೆ ಬಯಲೇ ಎಂಒ-4 ಎಂಬ ಹೊಸ ತಳಿ. ಅದನ್ನ ತಪ್ಪು ಅಂತ ನಾನು ಹೇಳುದಿಲ್ಲ, ಕೆಂಪಕ್ಕಿ, ಕುಚ್ಚಲಕ್ಕಿಗೆ ಒಳ್ಳೇದಾಗ್ತದೆ, ಇಳುವರಿಯೂ ಉಂಟು. ಆದ್ರೆ ಹಳೇ ತಳಿ ಉಳಿಸ್ತೇವೆ ಅಂತ ಹೊರಟವರು ಸಹ ಬಾಟ್ಲಿಯಲ್ಲಿ ಭತ್ತ ತುಂಬಿ ಹೆಸರಿನ ಚೀಟಿ ಅಂಟಿಸಿದಲ್ಲಿಗೆ ನಿಲ್ತಾರಲ್ಲ, ಅದು ಸಾಲುದಿಲ್ಲ ಮಾರಾಯ್ರೆ.

ಹೋದ ವರ್ಷ ಏಣೆಲಿಗೆ (ಮಳೆಗಾಲದ ಬೆಳೆಗೆ) ದೊಡ್ಡಪ್ಪನ ಮನೆಯಿಂದ ಸ್ವಲ್ಪ ಕಯಮೆ ಬೀಜ, ಅಮ್ಮನ ತವರಿಂದ ಸ್ವಲ್ಪ ತಂದು ಒಂದೇ ದಿನ ನೇಜಿ (ಸಸಿ) ಹಾಕಿ ಒಂದೇ ಗದ್ದೆಯಲ್ಲಿ ಪಕ್ಕ ಪಕ್ಕ ನಟ್ಟಿ ಮಾಡಿದೆ. ಒಂದರ ಬುಡ ಪೂರಾ ಹಸುರು, ಇನ್ನೊಂದರ ಬುಡದಲ್ಲಿ ನೇರಳೆ ಬಣ್ಣ. ಒಂದು ಇನ್ನೊಂದಕ್ಕಿಂತ ಒಂಬತ್ತು ದಿನ ಮೊದ್ಲೇ ತೆನೆ ಬಿಟ್ಟಿತು, ಇನ್ನೊಂದರ ಭತ್ತದ ತುದಿಯಲ್ಲಿ ಸಣ್ಣ ಮೀಸೆ. ಅಮ್ಮ ನೋಡಿ "ಇದು ಕಯಮೆಯೇ ಅಲ್ಲ ಮಗಾ" ಅಂದ್ರು, ದೊಡ್ಡಪ್ಪ "ನಮ್ದೇ ಕಯಮೆ, ಅವರದ್ದು ಬೆರಕೆ" ಅಂದ್ರು. ಯಾರು ಸರಿ ಅಂತ ಹೆಸರಿನಿಂದ ಗೊತ್ತಾಗುದಿಲ್ಲ, ಗಿಡವನ್ನೇ ಕೇಳ್ಬೇಕು.

ಕೇಳುದು ಹೇಗೆ ಅಂದ್ರೆ ಅಳೆದು ಬರೆದಿಟ್ಟು. ಎತ್ತರ, ತೆಂಡೆ (ಬುಡದಿಂದ ಒಡೆಯುವ ಕವಲು) ಎಷ್ಟು, ತೆನೆ ಎಷ್ಟು ಉದ್ದ, ಜೊಳ್ಳೆಷ್ಟು, ಸಾವಿರ ಕಾಳಿನ ತೂಕ, ಅಕ್ಕಿಯ ಬಣ್ಣ. ಸಸ್ಯ ತಳಿ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯಡಿ ಭತ್ತದ ತಳಿ ಗುರುತಿಸ್ಲಿಕ್ಕೆ ಇಂಥ 62 ಲಕ್ಷಣ ನೋಡ್ತಾರೆ, ರೈತರ ತಳಿಯನ್ನೂ ಅಲ್ಲಿ ನೋಂದಾಯಿಸ್ಬಹುದು, ಆದ್ರೆ ಅದು ಬೇರೆಯದ್ದಕ್ಕಿಂತ ಹೇಗೆ ಬೇರೆ ಅಂತ ತೋರಿಸ್ಬೇಕಲ್ಲ. ಈ ಅಂಕಿಗಳನ್ನೆಲ್ಲ ಸೇರಿಸಿ ಎರಡು ತಳಿ ಎಷ್ಟು ದೂರ, ಅಂದ್ರೆ ಎಷ್ಟು ಬೇರೆ ಅಂತ ಲೆಕ್ಕ ಹಾಕುವ ಸೂತ್ರ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1936ರಲ್ಲೇ ಕೊಟ್ಟಿದ್ದಾರೆ, ತಳಿ ವಿಜ್ಞಾನಿಗಳು ಈಗಲೂ ಬಳಸ್ತಾರೆ.

ಒಂದು ಎಚ್ಚರ ಬೇಕು. ಬುಡದ ಬಣ್ಣ, ಮೀಸೆ ಇವೆಲ್ಲ ಗದ್ದೆ ಬದಲಾದ್ರೂ ಹೆಚ್ಚು ಬದಲಾಗುದಿಲ್ಲ, ಎತ್ತರ, ತೆಂಡೆ, ಇಳುವರಿ ಹಾಗಲ್ಲ, ಎತ್ತರದ ಬೆಟ್ಟು ಗದ್ದೆಯಲ್ಲಿ ಒಂದು, ತಗ್ಗಿನ ಬಯಲು ಗದ್ದೆಯಲ್ಲಿ ಇನ್ನೊಂದು. ಅದಕ್ಕೇ ಒಂದೇ ಗದ್ದೆಯಲ್ಲಿ, ಒಂದಕ್ಕಿಂತ ಹೆಚ್ಚು ಕಡೆ ನೆಟ್ಟು, ಎರಡು ಮೂರು ವರ್ಷ ನೋಡ್ಬೇಕು. ಭತ್ತ ತನ್ನ ಹೂವಿಗೆ ತಾನೇ ಪರಾಗ ಕೊಡುವ ಬೆಳೆ, ಹಾಗಾಗಿ ಆರಿಸಿದ ತೆನೆಯ ಗುಣ ಹೆಚ್ಚಾಗಿ ಮುಂದಿನ ವರ್ಷಕ್ಕೂ ಬರ್ತದೆ.

ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ಒಡಿಶಾದ ಕತೆ ಹೇಳ್ತೇನೆ. ಅಲ್ಲಿಯ ಒಂದು ಹಳೇ ತಳಿಯಿಂದ ಆರಿಸಿದ ಎಫ್‌ಆರ್13ಎ ಎಂಬ ಭತ್ತದಲ್ಲಿ, ಎರಡು ವಾರ ನೆರೆಯಲ್ಲಿ ಮುಳುಗಿದ್ರೂ ಸಾಯದ ಗುಣ ಇತ್ತು. ಆ ಗುಣದ ಜೀನನ್ನೇ ಸ್ವರ್ಣ ಎಂಬ ಭತ್ತಕ್ಕೆ ತಂದು ಮಾಡಿದ ಸ್ವರ್ಣ ಸಬ್-1 ತಳಿ 2009ರಲ್ಲಿ ನಮ್ಮ ದೇಶದ ರೈತರಿಗೆ ಬಂತು. ಸೀತಾನದಿ, ಸ್ವರ್ಣಾ ನದಿ ಬದಿಯ ನಮ್ಮ ಬಯಲಲ್ಲೂ ವರ್ಷ ವರ್ಷ ನೀರು ನಿಲ್ತದೆ, ಅಜ್ಜಂದಿರು ಅಲ್ಲಿಗೆ ಅಂತಲೇ ಆರಿಸಿಟ್ಟ ಬೀಜದಲ್ಲಿ ಏನಿತ್ತು ಅಂತ ಅಳೆಯದೆಯೇ ನಾವು ಕೈಬಿಟ್ಟದ್ದು ನನಗೆ ತುಂಬ ಬೇಸರ.

ಅಗ್ರಿ, ಬಾಟನಿ ಓದುವ ಮಕ್ಕಳಿಗೆ ಇದನ್ನೇ ಪ್ರಾಜೆಕ್ಟ್ ಕೊಡಿ, ಬೇಕಾದ್ದು ಸ್ಕೇಲು, ತಕ್ಕಡಿ, ನೋಟ್‌ಬುಕ್ಕು, ತಾಳ್ಮೆ. ನಿಮ್ಮ ಅಟ್ಟದ ಹುಲ್ಲಿನ ಮುಡಿಯಲ್ಲಿ ಹಳೇ ಬೀಜ ಒಂದು ಮುಷ್ಟಿ ಇದ್ರೂ, ಹೆಸರು ಗೊತ್ತಿಲ್ಲದಿದ್ರೂ ಅಡ್ಡಿಲ್ಲ, ಯಾರ ಮನೇದು, ಬೆಟ್ಟಿನದ್ದಾ ಬಯಲಿನದ್ದಾ ಅಂತ ಚೀಟಿ ಹಾಕಿ ಕೊಡಿ, ಮುಂದಿನ ಏಣೆಲಿಗೆ ಎರಡು ಕಯಮೆಯ ಪಕ್ಕ ಸಾಲು ಖಾಲಿ ಇಡ್ತೇನೆ.