ಚೀಟಿ ಬಂತು, ಸಾಮಾನು ಬರಲಿಲ್ಲ

ಎಡಗೈ ಇಟ್ಟರೆ ತಾಳ, ಪಕ್ಕವಾದ್ಯವನ್ನು ತಾನೇ ನುಡಿಸುವ ಹೊಸ ಅರೇಂಜರ್ ಕೀಬೋರ್ಡ್ ಬಂದ ದಿನ ಯಾರೂ ಮ್ಯಾನ್ಯುಯಲ್ ಓದುವುದಿಲ್ಲ. ಒಂದೊಂದು ಬಟನ್ನಿಗೆ ಇಡೀ ಸೆಟ್ಟಿಂಗು ಕಟ್ಟಿಟ್ಟು, ಹಳೆಯದರಲ್ಲಿ ವರ್ಷಗಟ್ಟಲೆ ಕೂಡಿಟ್ಟ ರಿಜಿಸ್ಟ್ರೇಷನ್‌ಗಳನ್ನು ಪೆನ್ ಡ್ರೈವಿಗೆ ಸುರಿದುಕೊಂಡು, ಹೊಸದಕ್ಕೆ ಚುಚ್ಚಿ, ಒಂದನೇ ಬಟನ್ ಒತ್ತುವುದೇ. ಕೊಳಲು ಬರಬೇಕಾದಲ್ಲಿ ಪಿಯಾನೊ ಟಣ್ ಎನ್ನುತ್ತದೆ. ಎಡಗೈ ಇಟ್ಟರೆ, ಐದು ನಿಮಿಷದ ಹಿಂದೆ ಯಾರೋ ಕುತೂಹಲಕ್ಕೆ ಒತ್ತಿ ಬಿಟ್ಟಿದ್ದ ಪೋಲ್ಕಾ ಎಂಬ ಯುರೋಪಿನ ಕುಣಿತದ ತಾಳ ಕುಣಿಯತೊಡಗುತ್ತದೆ.

ಕೀಬೋರ್ಡ್ ಕೆಟ್ಟಿಲ್ಲ. ಅದರ ಕೈಗೆ ಸಿಕ್ಕಿದ್ದು ಚೀಟಿ ಮಾತ್ರ, ಸಾಮಾನು ಹಳೇ ಮನೆಯಲ್ಲೇ ಉಳಿದಿದೆ.

ರಿಜಿಸ್ಟ್ರೇಷನ್ ಎಂಬ ಫೈಲಿನೊಳಗೆ ಒಂದು ಹನಿ ನಾದವೂ ಇರುವುದಿಲ್ಲ. ಯಾವ ವಾಯ್ಸ್ (ವಾದ್ಯದ ದನಿ), ಎಷ್ಟು ವಾಲ್ಯೂಮ್, ಸ್ಪ್ಲಿಟ್ (ಎಡಗೈ-ಬಲಗೈ ಗಡಿ) ಎಲ್ಲಿ, ಟೆಂಪೊ ಎಷ್ಟು ಎಂಬ ಟಿಪ್ಪಣಿ ಇರುತ್ತದೆ. ವಾಯ್ಸ್ ಎಂದರೂ ಮೂರು ಸಂಖ್ಯೆ ಅಷ್ಟೇ: ಯಾವ ವಾಯ್ಸ್ ಗುಂಪಿನದೆಂದು ಹೇಳುವ ಬ್ಯಾಂಕಿನ ಎಂಎಸ್‌ಬಿ, ಎಲ್‌ಎಸ್‌ಬಿ, ಪ್ರೋಗ್ರಾಂ ನಂಬರ್. ಸ್ಟೈಲಿನದು, ಅಂದರೆ ತಾನೇ ನುಡಿಯುವ ಆ ತಾಳ-ಪಕ್ಕವಾದ್ಯದ್ದು, ಇನ್ನೂ ಬಡಪಾಯಿ ಸ್ಥಿತಿ, ಅದಕ್ಕೆ ಇರುವುದು ವಿಳಾಸ: ಇಂಥ ಡ್ರೈವ್, ಇಂಥ ಫೋಲ್ಡರ್, ಇಂಥ ಹೆಸರು. ಫೋಲ್ಡರಿನ ಹೆಸರನ್ನು ಚೆಂದ ಮಾಡಲು ಹೋಗಿ ನಡುವೆ ಒಂದು ಸ್ಪೇಸ್ ಸೇರಿಸಿದರೂ ವಿಳಾಸ ತಪ್ಪಿತು. ಯುಎಸ್‌ಬಿ ಕಿಂಡಿ ಎರಡಿರುವ ಕೀಬೋರ್ಡಿನಲ್ಲಿ ಪೆನ್ ಡ್ರೈವ್ ಆ ಕಿಂಡಿಯಿಂದ ಈ ಕಿಂಡಿಗೆ ಬಂದರೂ ತಪ್ಪಬಹುದು. ಸ್ಟೈಲ್ ಸಿಗದಿದ್ದರೆ ಕೀಬೋರ್ಡ್ ಜಗಳವಾಡುವುದಿಲ್ಲ, ಮೊದಲು ಇದ್ದುದನ್ನೇ ಹಿಡಿದುಕೊಂಡು ಕೂರುತ್ತದೆ. ಪೋಲ್ಕಾ ಹುಟ್ಟಿದ್ದು ಹೀಗೆ.

ಯಮಾಹಾದ ಜೀನೋಸ್‌ನಲ್ಲಿ ಪ್ಲೇಲಿಸ್ಟ್ ಎಂಬುದು ಬಂತಲ್ಲ, ಅದು ರಿಜಿಸ್ಟ್ರೇಷನ್ ಬ್ಯಾಂಕ್, ಅಂದರೆ ಒಂದು ಸಾಲು ಬಟನ್ನುಗಳ ರಿಜಿಸ್ಟ್ರೇಷನ್ ಇಟ್ಟ ಫೈಲು, ಎಲ್ಲಿದೆ ಎಂದು ತೋರಿಸುತ್ತದೆ. ಬ್ಯಾಂಕು ಸ್ಟೈಲ್ ಎಲ್ಲಿದೆ ಎಂದು ತೋರಿಸುತ್ತದೆ. ಚೀಟಿಗೊಂದು ಚೀಟಿ. ಪೆನ್ ಡ್ರೈವಿನಲ್ಲಿ ‘ಅಚ್ಚುಕಟ್ಟು’ ಮಾಡುವ ಚಟ ಇರುವವರು ಇಂಥ ಕೀಬೋರ್ಡಿನಿಂದ ದೂರವಿದ್ದರೆ ಕ್ಷೇಮ.

ಇನ್ನು ಪೆನ್ ಡ್ರೈವಿನದೇ ಗೋಳು. ಹಲವು ಕೀಬೋರ್ಡುಗಳಿಗೆ ಫ್ಯಾಟ್32 ಎಂಬ ಫಾರ್ಮ್ಯಾಟೇ ಬೇಕು. 64 ಜಿಬಿಯಂಥ ದೊಡ್ಡ ಡ್ರೈವುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಆಗಿ ಬರುತ್ತವೆ. ಕೀಬೋರ್ಡ್ ಅದನ್ನು ಗುರುತಿಸದೆ, ‘ಫಾರ್ಮ್ಯಾಟ್ ಮಾಡಲೇ?’ ಎಂದು ವಿನಯದಿಂದ ಕೇಳುತ್ತದೆ. ಅವಸರದಲ್ಲಿ ‘ಯೆಸ್’ ಒತ್ತಿದವರ ಫೈಲುಗಳು ಅದೇ ವಿನಯದಿಂದ ಮಾಯವಾಗುತ್ತವೆ. ಆದ್ದರಿಂದ ಖಾಲಿ ಡ್ರೈವನ್ನು ಮೊದಲು ಹೊಸ ಕೀಬೋರ್ಡಿನಲ್ಲೇ ಫಾರ್ಮ್ಯಾಟ್ ಮಾಡಿ, ಆಮೇಲೆ ತುಂಬುವುದು ಸರಿ. ಮ್ಯಾಕ್ ಕಂಪ್ಯೂಟರಿನಿಂದ ತುಂಬಿದರೆ ಪ್ರತಿ ಫೈಲಿನ ಜೊತೆ ಚುಕ್ಕಿ-ಅಂಡರ್‌ಸ್ಕೋರಿನಿಂದ ಶುರುವಾಗುವ ನೆರಳು ಫೈಲೊಂದು ಬಂದು ಕೂರುವುದುಂಟು. ಕೀಬೋರ್ಡಿನ ಪರದೆಯಲ್ಲಿ ನೂರು ಸ್ಟೈಲು ಇನ್ನೂರಾಗಿ ಕಂಡು ಹಿಗ್ಗಬೇಡಿ, ಅರ್ಧಕ್ಕರ್ಧ ತೆರೆಯುವುದೇ ಇಲ್ಲ, ಅಳಿಸಿಬಿಡಿ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟ ಅಭಿಮಾನಿಗಳಿಗೆ ಪರದೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ತೋರಿಸಿದರೆ ಬೇಸರ ಬೇಡ, ಇಲ್ಲಿ ಇಂಗ್ಲಿಷ್ ಅಕ್ಷರವೇ ಗತಿ.

ಸ್ಟೈಲ್ ಫೈಲು ಬಂದು, ವಿಳಾಸವೂ ಕೂಡಿತು ಎನ್ನಿ. ಅಸಲಿ ತಮಾಷೆ ಆಗ. ಯಮಾಹಾದ ಮೆಗಾ ವಾಯ್ಸ್ ಗಿಟಾರುಗಳಲ್ಲಿ ಕೀಯನ್ನು ಒತ್ತುವ ಬಲಕ್ಕೆ ತಕ್ಕಂತೆ ಬಿಡಿ ಮೀಟು, ಅದುಮಿದ ತಂತಿ, ಜಾರು ಎಲ್ಲ ಬೇರೆಬೇರೆಯಾಗಿ ಅಡಗಿರುತ್ತವೆ. ಬೆರಳು ತಂತಿಯ ಮೇಲೆ ಸರಿಯುವ ಕರಕರ ಸದ್ದು ಮೇಲಿನ ಸ್ಥಾಯಿಯ ಕೀಗಳಲ್ಲಿರುತ್ತದೆ. ಸ್ಟೈಲ್ ಬರೆದವರು ಆ ಕೀಗಳನ್ನೂ ನುಡಿಸಿರುತ್ತಾರೆ. ಇಂಥ ಸ್ಟೈಲನ್ನು ಮೆಗಾ ವಾಯ್ಸ್ ಇಲ್ಲದ ಕೀಬೋರ್ಡಿಗೆ ಹಾಕಿದರೆ ಸಾದಾ ಗಿಟಾರು ಆ ಕರಕರವನ್ನೂ ಸ್ವರವೆಂದೇ ತಿಳಿದು ತಾರಸ್ಥಾಯಿಯಲ್ಲಿ ಕಿಚಕಿಚ ಎನ್ನುತ್ತದೆ. ಹಾಡಿನ ನಡುವೆ ಗುಬ್ಬಿ ಹೊಕ್ಕಂತೆ. ಸ್ಟೈಲ್ ತಿದ್ದುವ ಸ್ಟೈಲ್ ಕ್ರಿಯೇಟರಿಗೆ ಹೋಗಿ, ಆ ಗಿಟಾರಿನ ಚಾನೆಲ್ಲಿನ ಎತ್ತರದ ಸ್ವರಗಳನ್ನು ಅಳಿಸಬೇಕು, ಇಲ್ಲವೇ ಚಾನೆಲ್ಲನ್ನೇ ಮುಚ್ಚಬೇಕು. ಮುಚ್ಚುವುದೇ ವಾಸಿ, ಅಳಿಸುತ್ತ ಕೂತರೆ ರಾತ್ರಿ ಸಾಲದು.

ಎಕ್ಸ್‌ಪಾನ್ಷನ್ ಪ್ಯಾಕಿನ, ಅಂದರೆ ಹೊರಗಿನಿಂದ ತುಂಬುವ, ವಾಯ್ಸುಗಳದು ಮತ್ತೊಂದು ಕಥೆ. ಕಂಪ್ಯೂಟರಿನ ಯಮಾಹಾ ಎಕ್ಸ್‌ಪಾನ್ಷನ್ ಮ್ಯಾನೇಜರ್ ತಂತ್ರಾಂಶಕ್ಕೆ ಮೊದಲು ಹೊಸ ಕೀಬೋರ್ಡಿನಿಂದ ‘ಇನ್‌ಸ್ಟ್ರುಮೆಂಟ್ ಇನ್ಫೋ’ ಫೈಲನ್ನು ತೆಗೆದುಕೊಡಬೇಕು, ಅದು ಆ ಕೀಬೋರ್ಡಿಗೆಂದೇ ಪ್ಯಾಕ್ ಕಟ್ಟಿಕೊಡುತ್ತದೆ. ಹಳೆಯದಕ್ಕೆ ಕಟ್ಟಿದ ಗಂಟನ್ನು ಹೊಸದು ಬಿಚ್ಚುವುದಿಲ್ಲ. ಕ್ರಮ ಮುಖ್ಯ: ಮೊದಲು ಪ್ಯಾಕ್, ಆಮೇಲೆ ಸ್ಟೈಲ್ ಮತ್ತು ಮಲ್ಟಿ ಪ್ಯಾಡ್ (ಬಟನ್ ಒತ್ತಿದರೆ ನುಡಿಯುವ ಚಿಕ್ಕ ತುಣುಕು), ಕೊನೆಗೆ ರಿಜಿಸ್ಟ್ರೇಷನ್. ಆಮೇಲೆ ಒಂದೊಂದೇ ಬಟನ್ ಒತ್ತಿ, ಸ್ಟೈಲನ್ನು ಹೊಸ ಜಾಗದಿಂದ ಆರಿಸಿ, ಮೆಮೊರಿ ಒತ್ತಿ, ಆಮೇಲೆ ಅದೇ ಬಟನ್ ಒತ್ತಿ, ಬ್ಯಾಂಕನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಬೇಕು. ಈ ಕೊನೇ ಸೇವ್ ಮರೆತು ಮುಂದಿನ ಬ್ಯಾಂಕ್ ತೆರೆದರೆ ಅಷ್ಟೂ ದುಡಿಮೆ ನೀರಿನಲ್ಲಿ ಹೋಮ. ಬ್ಯಾಂಕಿಗೆ ಎಂಟು ಬಟನ್ ಇರುವ ಕೀಬೋರ್ಡಿನಲ್ಲಿ ಇಪ್ಪತ್ತು ಬ್ಯಾಂಕ್ ಇದ್ದರೆ ನೂರ ಅರವತ್ತು ಸಲ. ಬಟನ್ ಒತ್ತಿದರೂ ಸ್ಟೈಲ್ ಮಾತ್ರ ಬದಲಾಗುವುದಿಲ್ಲ ಎಂದು ತಲೆ ಚಚ್ಚಿಕೊಳ್ಳುವ ಮುನ್ನ ಫ್ರೀಜ್ ಬಟನ್ನಿನ ದೀಪ ಉರಿಯುತ್ತಿದೆಯೇ ನೋಡಿ. ಅದು ಆನ್ ಇದ್ದರೆ, ಫ್ರೀಜ್ ಮಾಡಲು ಆರಿಸಿಟ್ಟದ್ದು ಯಾವುದೂ ಜಪ್ಪಯ್ಯ ಎಂದರೂ ಕದಲುವುದಿಲ್ಲ.

ಕಂಪನಿಯೇ ಬದಲಾದರೆ? ವಾದ್ಯಗಳು ಪರಸ್ಪರ ಮಾತಾಡುವ ಮಿಡಿ ಕೇಬಲ್ ಹಾಕಿ ಬಲ್ಕ್ ಡಂಪ್ (ಸೆಟ್ಟಿಂಗುಗಳನ್ನೆಲ್ಲ ಒಟ್ಟಿಗೆ) ಕಳಿಸಿದರಾಯಿತು ಎನ್ನುವ ಧೀರರಿದ್ದಾರೆ. ಆ ಡಂಪ್ ಹೊರುವ ಸಿಸ್ಟಂ ಎಕ್ಸ್‌ಕ್ಲೂಸಿವ್ ಸಂದೇಶದಲ್ಲಿ ಆರಂಭದ ಗುರುತು ಎಫ್0 ಆದ ಕೂಡಲೇ ಗೋತ್ರ, ಅಂದರೆ ಕಂಪನಿಯ ನಂಬರ್, ಹೇಳಬೇಕು: ಹೆಕ್ಸ್ ಲೆಕ್ಕದಲ್ಲಿ ರೋಲ್ಯಾಂಡ್ 41, ಕೊರ್ಗ್ 42, ಯಮಾಹಾ 43, ಕ್ಯಾಸಿಯೊ 44. ತನ್ನ ಗೋತ್ರವಲ್ಲ ಎಂದು ತಿಳಿದೊಡನೆ ಕೀಬೋರ್ಡ್ ಉಳಿದದ್ದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ 3,125 ಬೈಟ್. ನೂರು ಕಿಲೋಬೈಟಿಗೆ ಅರ್ಧ ನಿಮಿಷ ಕಾದು ಕೊನೆಗೆ ಸಿಗುವುದು ಮೌನ. ಒಂದೇ ಗೋತ್ರವಾದರೂ ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್ಲುಗಳು ಉದ್ದದ ಸಂದೇಶವನ್ನು ನಡುವೆಯೇ ನುಂಗಿಬಿಡುವುದುಂಟು.

ಹಾಗಾಗಿ ಕಂಪನಿ ಬದಲಾದಾಗ ಪೆನ್ನು ಕಾಗದವೇ ಸಾಧನ. ಬರೆದುಕೊಂಡ ನಂಬರ್ ಹಾಕುವಾಗ ಒಂದು ಎಚ್ಚರ: ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಜನರಲ್ ಮಿಡಿ ವಾದ್ಯಪಟ್ಟಿಯನ್ನು ಕೆಲವರು 1ರಿಂದ 128 ಎಂದೂ, ಕೆಲವರು 0ಯಿಂದ 127 ಎಂದೂ ಎಣಿಸುತ್ತಾರೆ. ಒಂದರಿಂದ ಎಣಿಸಿದರೆ ಟ್ರಂಪೆಟ್ 57. ಸೊನ್ನೆಯಿಂದ ಎಣಿಸಿದ ಪಟ್ಟಿ ನೋಡಿ 56 ಎಂದು ಹಾಕಿದಿರೋ, ಬರುವುದು ಆರ್ಕೆಸ್ಟ್ರಾ ಹಿಟ್. ಮೆಲ್ಲಗೆ ಊದಬೇಕಾದ ಒಂದು ಸ್ವರಕ್ಕೆ ಇಡೀ ವಾದ್ಯವೃಂದ ಧಡ್ ಎಂದು ಮೈಮೇಲೆ ಬೀಳುತ್ತದೆ.

ಇಷ್ಟೆಲ್ಲ ಆಗಿ ಎಲ್ಲವೂ ಸರಿಹೋಯಿತು ಎನಿಸಿದಾಗ ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ನೋಡಿ. ಅದೂ ರಿಜಿಸ್ಟ್ರೇಷನ್ನಿನಲ್ಲೇ ಕೂತಿರುತ್ತದೆ. ಯಾವಾಗಲೋ ಒಬ್ಬ ಗಾಯಕರ ಗಂಟಲಿಗೆಂದು ಮೈನಸ್ 2 ಮಾಡಿಟ್ಟದ್ದು ಮೂರನೇ ಬಟನ್ನಿನಲ್ಲಿ ಮಾತ್ರ ಉಳಿದಿರುತ್ತದೆ. ಪಲ್ಲವಿ ಒಂದು ಶ್ರುತಿಯಲ್ಲಿ ಮುಗಿದು, ಚರಣಕ್ಕೆ ಮೂರನೇ ಬಟನ್ ಒತ್ತಿದ ಕ್ಷಣ ಕೀಬೋರ್ಡ್ ಎರಡು ಅರ್ಧಸ್ವರ ಕೆಳಗಿಳಿಯುತ್ತದೆ, ಹಾಡುವವರು ಮೇಲೆಯೇ ಉಳಿಯುತ್ತಾರೆ.