ಪುಟ್ಟಿಯ ಪುಗ್ಗೆ, ಅಜ್ಜಿಯ ತೂತಿನ ಕಾಸು

ಮೊನ್ನೆ ರಾತ್ರಿ ಹತ್ತೂವರೆಗೆ ಹೊಸನಗರದಿಂದ ಚಿಕ್ಕಮ್ಮನ ಮಗಳ ಫೋನು. ಆ ಹೊತ್ತಿಗೆ ಫೋನ್ ಬಂದರೆ ನಮ್ಮ ಕಡೆ ಎದೆ ಧಸಕ್ಕೆನ್ನುತ್ತದೆ, ಯಾರಿಗೆ ಏನಾಯ್ತೋ ಅಂತ. "ಅಕ್ಕಾ, ಪಾಪುಗೆ ಹೊಕ್ಕುಳು ಹೊರಗೆ ಬಂದಿದೆ, ಆಪರೇಷನ್ ಮಾಡಿಸಲೇಬೇಕಂತೆ, ನಾಳೆ ಶಿವಮೊಗ್ಗಕ್ಕೆ ಹೊರಟಿದ್ದೇವೆ" ಅಂದಳು. ಮಗುವಿಗೆ ಎಂಟು ತಿಂಗಳು. ಅಳ್ತಾ ಇದ್ದಾನಾ ಅಂದೆ. ಇಲ್ಲ. ವಾಂತಿ? ಇಲ್ಲ. ಒತ್ತಿದರೆ ಒಳಗೆ ಹೋಗುತ್ತಾ? ಹೋಗುತ್ತೆ. ಮತ್ತೆ ಆಪರೇಷನ್ ಅಂತ ಹೇಳಿದ್ದು ಯಾರು ಮಾರಾಯ್ತಿ ಅಂದರೆ, ನಾದಿನಿಯ ಗಂಡನಿಗೆ ಪರಿಚಯದವರು ಯಾರೋ ಫೋಟೋ ನೋಡಿ ಹೇಳಿದ್ದಂತೆ. ವಾಟ್ಸಾಪಲ್ಲಿ!

ಅವಳಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಆದರೆ ಇದೇ ಹೊಕ್ಕುಳಿನ ವಿಷಯಕ್ಕೆ (ಡಾಕ್ಟರುಗಳ ಮಾತಲ್ಲಿ ಹೊಕ್ಕುಳಿನ ಹರ್ನಿಯಾ) ಸುಮಾರು ಐದು ವರ್ಷ ಕಾದು, ಕೊನೆಗೆ ಆಪರೇಷನ್ನೂ ಮಾಡಿಸಿದವಳು. ಹಾಗಾಗಿ ಎರಡೂ ಕಡೆಯ ಮಾತು ನನಗೆ ಗೊತ್ತು, ಎರಡೂ ಕಡೆಯ ಬೈಗುಳವನ್ನೂ ತಿಂದಿದ್ದೇನೆ.

ನಮ್ಮ ಪುಟ್ಟಿ ಹುಟ್ಟಿದ್ದು 34ನೇ ವಾರಕ್ಕೆ, ತೂಕ 1.9 ಕೆಜಿ. ಬಾಣಂತನ ತೀರ್ಥಹಳ್ಳಿ ಹತ್ತಿರ ಅಮ್ಮನ ಮನೆಯಲ್ಲಿ. ಹೊಕ್ಕುಳಬಳ್ಳಿ ಒಣಗಿ ಬಿದ್ದಿದ್ದು ಹನ್ನೊಂದನೇ ದಿನ. ತಿಂಗಳು ತುಂಬುವ ಹೊತ್ತಿಗೆ ಅತ್ತಾಗಲೆಲ್ಲ ಹೊಕ್ಕುಳು ಉಬ್ಬತೊಡಗಿತು. ಮೊದಲು ನೆಲ್ಲಿಕಾಯಿಯಷ್ಟು, ಆರು ತಿಂಗಳಿಗೆ ನಿಂಬೆಹಣ್ಣಿನಷ್ಟು. ಮಲಗಿದಾಗ ತಾನಾಗಿ ಒಳಗೆ ಹೋಗುತ್ತಿತ್ತು. ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಗುಳುಗುಳು ಸದ್ದು ಮಾಡಿ ಜಾರುತ್ತಿತ್ತು. ಆ ಸದ್ದು ಮೊದಲ ಸಲ ಕೇಳಿದಾಗ ನನ್ನ ಕೈಕಾಲು ತಣ್ಣಗಾಗಿತ್ತು. ಒಳಗಿರುವುದು ಕರುಳು ಕಣ್ರೀ ಅದು!

ಮನೆಯಲ್ಲಿ ಮೊದಲು ಬಂದ ಮಾತು, "ನೀನು ಮಗೂನ ಅಳೋಕೆ ಬಿಟ್ಟೆ, ಅತ್ತೂ ಅತ್ತೂ ಹೊಕ್ಕುಳು ಹೊರಗೆ ಬಂತು." ಬಾಣಂತಿ ತಲೆಗೆ ಕಟ್ಟಲಿಕ್ಕೆ ಬಟ್ಟೆ ಒಂದೇ ಅಲ್ಲ, ಇಂಥದ್ದೂ ಸಿಗುತ್ತದೆ. ನಿಜ ಏನೆಂದರೆ, ಬಸಿರಲ್ಲಿ ಬಳ್ಳಿ ಹಾದುಹೋಗಲಿಕ್ಕೆ ಹೊಟ್ಟೆಯ ಗೋಡೆಯಲ್ಲಿ ಒಂದು ಉಂಗುರದಂಥ ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ತಡವಾಗುತ್ತದೆ, ದಿನ ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಲ್ಲಿ ಜಾಸ್ತಿ. ಅತ್ತಾಗ, ತಿಣುಕಿದಾಗ, ಕೆಮ್ಮಿದಾಗ ಒಳಗಿನ ಒತ್ತಡಕ್ಕೆ ಕರುಳೋ ಕೊಬ್ಬೋ ಆ ಕಿಂಡಿಯಲ್ಲಿ ಇಣುಕುತ್ತದೆ. ಬಾಗಿಲು ತೆರೆದಿದ್ದಕ್ಕೆ ಗಾಳಿ ಬಂತೇ ಹೊರತು ಗಾಳಿ ಬಂದಿದ್ದಕ್ಕೆ ಬಾಗಿಲು ಹುಟ್ಟಲಿಲ್ಲ. ಇದನ್ನು ನನಗೆ ಆ ಒಂದನೇ ತಿಂಗಳಲ್ಲೇ ಯಾರಾದರೂ ಹೇಳಿದ್ದರೆ ಎಷ್ಟು ಅಳು ಉಳಿಯುತ್ತಿತ್ತು, ಮಗುವಿನದ್ದಲ್ಲ, ನನ್ನದು.

ಆಮೇಲೆ ಕಾಸಿನ ಕಥೆ. ಅಜ್ಜಿ ದೇವರ ಗೂಡಿನ ಡಬ್ಬಿಯಿಂದ ಒಂದು ಕಾಸು ತೆಗೆದರು. ಬ್ರಿಟಿಷರ ಕೊನೆಗಾಲದ್ದು, 1944 ಅಂತ ಇಸವಿ ಇತ್ತು, ನಡುವೆ ದೊಡ್ಡ ತೂತು. ಅದನ್ನು ಹೊಕ್ಕುಳ ಮೇಲಿಟ್ಟು ಹಳೇ ಸೀರೆಯ ಪಟ್ಟಿ ಸುತ್ತಿ ಬಿಗಿದರು. ಅಪ್ಪ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ, "ತೂತು ಮುಚ್ಚೋಕೆ ತೂತಿನ ಕಾಸಾ ಅಮ್ಮಾ?" ಅಂದರು. ಎಲ್ಲರೂ ನಕ್ಕೆವು, ಪಟ್ಟಿ ಮಾತ್ರ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಐದನೇ ದಿನ ಸ್ನಾನಕ್ಕೆ ಬಿಚ್ಚಿ ನೋಡಿದರೆ ಕಾಸಿನಷ್ಟೇ ಅಗಲಕ್ಕೆ ಚರ್ಮ ಕೆಂಪಾಗಿ, ಅಂಚಲ್ಲಿ ನೀರೊಡೆದಿತ್ತು. ಮಳೆಗಾಲ ಬೇರೆ, ನಮ್ಮಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಇನ್ನು ಪಟ್ಟಿಯ ಅಡಿಯ ಚರ್ಮ ಒಣಗಿರುತ್ತಾ? ಮಕ್ಕಳ ಡಾಕ್ಟರು ನೋಡಿ, ಕಾಸು, ಬೆಲ್ಟು, ಟೇಪು ಯಾವುದರಿಂದಲೂ ಆ ಉಂಗುರ ಬೇಗ ಮುಚ್ಚುವುದಿಲ್ಲ, ಚರ್ಮ ಮಾತ್ರ ಹಾಳಾಗುತ್ತದೆ ಅಂದರು. ಕಾಸು ಕಟ್ಟಿಸಿಕೊಂಡ ಮಕ್ಕಳ ಹೊಕ್ಕುಳು ಒಳಗೆ ಹೋಗಿದ್ದನ್ನು ಅಜ್ಜಿ ಕಣ್ಣಾರೆ ನೋಡಿದ್ದರು, ಅದು ಸುಳ್ಳಲ್ಲ. ಕಟ್ಟದೆ ಇದ್ದಿದ್ದರೂ ಹೋಗುತ್ತಿತ್ತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಮಕ್ಕಳ ಹೊಕ್ಕುಳಿನ ಹರ್ನಿಯಾ ಹತ್ತರಲ್ಲಿ ಎಂಟೊಂಬತ್ತು ಮಕ್ಕಳಿಗೆ 4-5 ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಔಷಧಿ ಇಲ್ಲ, ಎಣ್ಣೆ ಇಲ್ಲ. ಇದನ್ನು ಹೇಳಿದರೆ ನಮ್ಮ ಜನ ನಂಬುವುದಿಲ್ಲ. ಅದಕ್ಕೆ ಅರ್ಧ ಕಾರಣ ಹರ್ನಿಯಾ ಅನ್ನುವ ಹೆಸರು. ನಮ್ಮ ಮಾವನಿಗೆ ತೊಡೆಸಂದಿನಲ್ಲಿ ಹರ್ನಿಯಾ ಆಗಿ ಮೆಶ್ (ಬಲೆ) ಹಾಕಿದ್ದಾರೆ. ಊರಲ್ಲಿ ಮೂಟೆ ಹೊತ್ತು ಹೊತ್ತು ಹಾಗಾದವರು ನಾಲ್ಕು ಜನ ಇದ್ದಾರೆ. ಹಾಗಾಗಿ ಆ ಹೆಸರು ಕಿವಿಗೆ ಬಿದ್ದ ಕೂಡಲೇ ಎಲ್ಲರ ತಲೆಗೂ ಬರುವುದು ಆಪರೇಷನ್ನೇ. ಒಂದು ಮಾತು ಇಲ್ಲೇ ಹೇಳಬೇಕು. ಮಕ್ಕಳಿಗೂ ತೊಡೆಸಂದಿನಲ್ಲಿ, ಗಂಡುಮಕ್ಕಳಿಗಾದರೆ ಬೀಜದ ಚೀಲದ ತನಕ ಉಬ್ಬು ಬರುವುದುಂಟು. ಅದು ಬೇರೆ, ಅದು ತಾನಾಗಿ ಹೋಗುವುದಿಲ್ಲ, ಕರುಳು ಸಿಕ್ಕಿಕೊಳ್ಳುವ ಅಪಾಯವೂ ಜಾಸ್ತಿ. ಅದಕ್ಕೆ ಕಾಯಬಾರದು, ಬೇಗ ಮಾಡಿಸಬೇಕು. ನಾನು ಇಲ್ಲಿ ಕಾಯಿರಿ ಅನ್ನುತ್ತಿರುವುದು ಹೊಕ್ಕುಳಿಗೆ ಮಾತ್ರ. ದಯವಿಟ್ಟು ಎರಡನ್ನೂ ಒಂದೇ ಮಾಡಿಕೊಳ್ಳಬೇಡಿ.

ಪುಟ್ಟಿಗೆ ಒಂದೂವರೆ ವರ್ಷ ಆದಾಗ ಯಾರದೋ ಮಾತು ಕೇಳಿ ಒಂದು ಕಡೆ ತೋರಿಸಿದೆವು. ಹೆಸರು ಬೇಡ. ಅಲ್ಲಿ ಅಂಗಿ ಎತ್ತಿ ನೋಡಿದವರು ಬೆರಳೂ ಇಡಲಿಲ್ಲ. "ಇಷ್ಟು ದೊಡ್ಡದಿದೆ, ಕರುಳು ಸಿಕ್ಕಿಕೊಂಡರೆ ನನ್ನನ್ನು ಕೇಳಬೇಡಿ, ನಾಳೆ ಅಡ್ಮಿಟ್ ಮಾಡಿ" ಅಂದರು. ಆ ರಾತ್ರಿ ನಮ್ಮನೆಯವರೂ ನಾನೂ ಕಣ್ಣು ಮುಚ್ಚಲಿಲ್ಲ. ಮಗು ಮಗ್ಗಲು ಬದಲಿಸಿದರೂ ಟಾರ್ಚ್ ಹಿಡಿದು ಹೊಟ್ಟೆ ನೋಡುವುದು. ಬೆಳಿಗ್ಗೆ ಎದ್ದು ಅಡ್ಮಿಟ್ ಮಾಡುವ ಬದಲು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದೆವು, ಮಕ್ಕಳ ಸರ್ಜನ್ ಹತ್ತಿರ. ಮಕ್ಕಳ ಸರ್ಜನ್ ಅಂತಲೇ ಬೇರೆ ಇರುತ್ತಾರೆ ಅಂತ ನನಗೆ ಗೊತ್ತಾಗಿದ್ದೇ ಆ ದಿನ. ಹದಿನಾಲ್ಕು ತಿರುವಿನಲ್ಲಿ ಪುಟ್ಟಿ ಎರಡು ಸಲ ವಾಂತಿ ಮಾಡಿದಳು, ನಾನು ಕರುಳು ಸಿಕ್ಕಿಕೊಂಡೇ ಬಿಟ್ಟಿತು ಅಂದುಕೊಂಡೆ. ಕೆಳಗೆ ಸೋಮೇಶ್ವರಕ್ಕೆ ಇಳಿದ ಮೇಲೆ ಬಿಸ್ಕತ್ ಕೇಳಿದಳು.

ಆ ಡಾಕ್ಟರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಕೈ ಉಜ್ಜಿ ಬಿಸಿ ಮಾಡಿಕೊಂಡು, ಉಬ್ಬನ್ನು ಒಳಗೆ ತಳ್ಳಿ, ಬೆರಳ ತುದಿಯನ್ನು ಸುತ್ತಲೂ ಆಡಿಸಿದರು. ಆಮೇಲೆ ನನ್ನ ಬೆರಳು ಹಿಡಿದು ಅಲ್ಲಿಟ್ಟರು. "ಅಂಚು ಸಿಕ್ಕಿತಾ?" ಸಿಕ್ಕಿತು. ಹಪ್ಪಳದ ಅಂಚಿನ ಹಾಗೆ ತೆಳ್ಳಗೆ, ಆದರೆ ಗಟ್ಟಿ. "ಉಬ್ಬು ಎಷ್ಟು ದೊಡ್ಡದಿದೆ ಅಂತ ನೋಡಬೇಡಿ. ಈ ತೂತು ಎಷ್ಟು ಅಗಲ ಇದೆ ಅಂತ ನೋಡಿ." ಐದು ವರ್ಷದಲ್ಲಿ ಈ ವಿಷಯದ ಬಗ್ಗೆ ಕೇಳಿದ ನೂರು ಮಾತಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ. ತೂತು 1 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ. ಒಂದೂವರೆ ಎರಡು ದಾಟಿದರೆ ಆ ಭರವಸೆ ಕಡಿಮೆ, ಆದರೂ ಕಾಯಬಹುದು. ನಮ್ಮದು ಸುಮಾರು 2 ಇತ್ತು. ದೊಡ್ಡ ಉಬ್ಬು ಕಂಡರೆ ನಮಗೆ ಹೆದರಿಕೆ, ಆದರೆ ದೊಡ್ಡ ಉಬ್ಬಿನ ಕೆಳಗೆ ಸಣ್ಣ ತೂತೇ ಇರಬಹುದು.

ಕರುಳು ಸಿಕ್ಕಿಕೊಳ್ಳುವುದರ ಬಗ್ಗೆಯೂ ಕೇಳಿದೆ. ಮಕ್ಕಳ ಹೊಕ್ಕುಳಿನಲ್ಲಿ ಅದು ತೀರ ಅಪರೂಪ ಅಂದರು. ಆದರೆ ಉಬ್ಬು ಗಟ್ಟಿಯಾದರೆ, ಮುಟ್ಟಿದರೆ ಮಗು ಕಿರುಚಿದರೆ, ಒಳಗೆ ಹೋಗದಿದ್ದರೆ, ಬಣ್ಣ ಕೆಂಪೋ ನೀಲಿಯೋ ಆದರೆ, ಅಥವಾ ಉಬ್ಬಿನ ಜೊತೆಗೆ ವಾಂತಿಯೂ ಇದ್ದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಆ ಕ್ಷಣ ಹೊರಡಿ ಅಂದರು. ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ. ಅದನ್ನೊಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿಕೊಂಡಿದ್ದೆ. ಒಂದು ಸಲವೂ ಬೇಕಾಗಲಿಲ್ಲ.

ಈಗಲೇ ಮಾಡಿಸಿಬಿಟ್ಟರೆ ನಮಗೂ ನೆಮ್ಮದಿ ಅಲ್ವಾ ಸರ್ ಅಂದೆ. "ನಿಮಗೆ ನೆಮ್ಮದಿ, ಅವಳಿಗೆ ಅನಸ್ತೇಸಿಯಾ" ಅಂದರು. ಆಮೇಲೆ ನಾನೇ ಕೂತು ಓದಿದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಜಾಸ್ತಿ ಹೊತ್ತು ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಡುವುದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಕೊಟ್ಟಿದೆ. ಹೊಕ್ಕುಳಿನ ಆಪರೇಷನ್ ಅಷ್ಟು ಉದ್ದದ್ದಲ್ಲ, ಒಂದು ಸಲದ ಸಣ್ಣ ಅರಿವಳಿಕೆಯಿಂದ ಮಗುವಿನ ಬುದ್ಧಿಗೆ ತೊಂದರೆ ಅಂತಲೂ ಯಾರೂ ಸಾಬೀತು ಮಾಡಿಲ್ಲ, ಸುಮ್ನೆ ಹೆದರಿಸುವುದು ಬೇಡ. ಆದರೆ ತಾನಾಗಿ ಹೋಗುವ ಸಾಧ್ಯತೆ ಇರುವುದಕ್ಕೆ ಸಣ್ಣ ಮಗುವನ್ನು ಟೇಬಲ್ ಮೇಲೆ ಯಾಕೆ ಮಲಗಿಸಬೇಕು? ನಾಲ್ಕು ವರ್ಷಕ್ಕೆ ಮುಂಚೆ ಮಾಡಿದರೆ ಮತ್ತೆ ಬರುವುದೂ ಸ್ವಲ್ಪ ಜಾಸ್ತಿಯಂತೆ. ಚೀಟಿಯಲ್ಲಿ ಅವರು ಬರೆದಿದ್ದು ಒಂದೇ ಸಾಲು: ನಾಲ್ಕು ವರ್ಷ ಆದ ಮೇಲೆ ನೋಡೋಣ. ಮಾತ್ರೆ ಇಲ್ಲ, ಸ್ಕ್ಯಾನ್ ಇಲ್ಲ. ಮನೆಗೆ ಬಂದ ಮೇಲೆ ಮಾವ ಚೀಟಿ ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಹೇಳೋಕೆ ಅವರಿಗೆ ಫೀಸಾ?" ಅಂದರು. ಆ ಫೀಸೇ ನಾನು ಇಡೀ ಐದು ವರ್ಷದಲ್ಲಿ ಕೊಟ್ಟ ಅತ್ಯಂತ ಸರಿಯಾದ ದುಡ್ಡು ಅಂತ ಈಗಲೂ ಹೇಳುತ್ತೇನೆ.

ಕಾಯುವುದು ಪುಟ್ಟಿಗೆ ಕಷ್ಟವೇ ಆಗಲಿಲ್ಲ. ಅವಳು ಅದಕ್ಕೆ ಪುಗ್ಗೆ, ಅಂದರೆ ಬಲೂನು, ಅಂತ ಹೆಸರಿಟ್ಟು, ಮನೆಗೆ ಬಂದವರಿಗೆಲ್ಲ ಅಂಗಿ ಎತ್ತಿ ತೋರಿಸಿ, ಒತ್ತಿ ಸದ್ದು ಕೇಳಿಸುತ್ತಿದ್ದಳು. ಕಷ್ಟ ಆಗಿದ್ದು ನಮಗೆ, ಅದೂ ಮದುವೆ ಮುಂಜಿಗಳಲ್ಲಿ. "ಹೆಣ್ಣು ಮಗು, ನಾಳೆ ಸೀರೆ ಉಡೋದು ಹೇಗೆ?" "ದುಡ್ಡಿಗೆ ನೋಡ್ತಿದ್ದೀರಾ?" ದೂರದ ದೊಡ್ಡಮ್ಮ ಒಬ್ಬರಂತೂ ಊಟದ ಪಂಕ್ತಿಯಲ್ಲೇ, ಪಾಯಸ ಬಡಿಸುತ್ತಿರುವಾಗ, "ತಾಯಿ ಓದಿದವಳು ಅಂತಾರೆ, ಮಗೂ ಹೊಟ್ಟೆ ನೋಡಿದ್ರೆ ಹಾಗನ್ಸಲ್ಲ" ಅಂದರು. ಆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಅವತ್ತು ಸಂಜೆ ನಮ್ಮನೆಯವರಿಗೆ, ನಡೀರಿ ಆಪರೇಷನ್ ಮಾಡಿಸಿಬಿಡೋಣ ಅಂದಿದ್ದೆ. "ಯಾರಿಗೋಸ್ಕರ?" ಅಂತ ಕೇಳಿದರು. ಉತ್ತರ ಇರಲಿಲ್ಲ. ಎಷ್ಟೋ ಮಕ್ಕಳ ಹೊಕ್ಕುಳಿಗೆ ಹೊಲಿಗೆ ಬೀಳುವುದು ಇಂಥ ಪಂಕ್ತಿಯ ಮಾತಿಗೇ ಅಂತ ನನ್ನ ಅನುಮಾನ.

ಆರು ತಿಂಗಳಿಗೊಮ್ಮೆ, ಅವಳು ನಿದ್ದೆ ಮಾಡುವಾಗ, ಬೆರಳಿಟ್ಟು ನೋಡಿ ಕ್ಯಾಲೆಂಡರಲ್ಲಿ ಗುರುತು ಮಾಡುತ್ತಿದ್ದೆ. ಮೂರು ವರ್ಷಕ್ಕೆ ತೂತು ಸ್ವಲ್ಪ ಕಿರಿದಾಗಿತ್ತು, ಖುಷಿಯಾಯ್ತು. ಆಮೇಲೆ ಅಲ್ಲೇ ನಿಂತುಬಿಟ್ಟಿತು. ನಾಲ್ಕೂವರೆಗೂ ಒಂದೂವರೆ ಸೆಂಟಿಮೀಟರ್. ಈ ಸಲ ತೋರಿಸಿದಾಗ ಡಾಕ್ಟರೇ, ಇನ್ನು ಕಾದು ಪ್ರಯೋಜನ ಕಾಣುವುದಿಲ್ಲ, ಮುಂದೆ ದೊಡ್ಡವಳಾಗಿ ಬಸಿರಾದಾಗ ತೊಂದರೆ ಕೊಡಬಹುದು, ಶಾಲೆಗೆ ಸೇರುವ ಮುಂಚೆ ಮಾಡಿಬಿಡೋಣ ಅಂದರು. ಈಗ ಒಪ್ಪಲಿಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಆಗ ಊರಲ್ಲಿ ಶುರುವಾಯ್ತು ನೋಡಿ, "ಇಷ್ಟು ವರ್ಷ ಬಿಟ್ಟು ಈಗ ಯಾಕೆ, ಇನ್ನೊಂದು ವರ್ಷ ನೋಡಬಹುದಿತ್ತಲ್ಲ" ಅಂತ. ಅದೇ ಬಾಯಿ, ಅದೇ ದೊಡ್ಡಮ್ಮ.

ಊರಿಗೆ ಹತ್ತಿರ ಇರಲಿ ಅಂತ ಆಪರೇಷನ್ ಶಿವಮೊಗ್ಗದಲ್ಲೇ, ಅಲ್ಲಿನ ಮಕ್ಕಳ ಸರ್ಜನ್ ಹತ್ತಿರ ಗೊತ್ತು ಮಾಡಿದೆವು. ಮೊದಲ ತಾರೀಖಿಗೆ ಮೂಗು ಸೋರುತ್ತಿತ್ತು ಅಂತ ವಾಪಸ್ ಕಳಿಸಿದರು. ನೆಗಡಿ ಕೆಮ್ಮು ಇದ್ದರೆ ಅರಿವಳಿಕೆಯಲ್ಲಿ ಉಸಿರಾಟಕ್ಕೆ ತೊಂದರೆ, ಸಿಟ್ಟು ಮಾಡಿಕೊಳ್ಳಬೇಡಿ. ಎರಡನೇ ಸಲ ಫೆಬ್ರವರಿಯಲ್ಲಿ, ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ. ಆರು ಗಂಟೆ ಮುಂಚಿನಿಂದ ಊಟ, ಹಾಲು ಇಲ್ಲ, ನೀರು ಎರಡು ಗಂಟೆ ಮುಂಚಿನ ತನಕ. ಬೆಳಗಿನ ಜಾವ ಐದಕ್ಕೆ ಹೊರಟು, ಮಂಡಗದ್ದೆ ದಾಟುವಷ್ಟರಲ್ಲಿ ಹಸಿವು ಅಂತ ರಾಗ ಶುರು. ಸಕ್ರೆಬೈಲಿನ ಆನೆ ಬಿಡಾರದ ಬೋರ್ಡ್ ಕಂಡ ಕೂಡಲೇ, "ಆನೆಗೆ ಬಾಳೆಹಣ್ಣು ಕೊಡೋಣ, ಒಂದು ನಂಗೆ" ಅಂದಳು. ಆಪರೇಷನ್ ಟೇಬಲ್ಲಿಗಿಂತ ಆ ಒಂದು ಬಾಳೆಹಣ್ಣನ್ನು ಇಲ್ಲ ಅಂದದ್ದೇ ನನಗೆ ಕಷ್ಟವಾಯ್ತು.

ಒಳಗೆ ಮುಕ್ಕಾಲು ಗಂಟೆಯ ಕೆಲಸ. ಹೊಕ್ಕುಳ ಕೆಳಗೆ ಅರ್ಧಚಂದ್ರದ ಹಾಗೆ ಸಣ್ಣ ಗಾಯ, ಉಂಗುರವನ್ನು ಹೊಲಿದು, ಹೊಕ್ಕುಳ ಚರ್ಮವನ್ನು ಒಳಗಡೆ ಒಂದು ಹೊಲಿಗೆ ಹಾಕಿ ಕೂರಿಸುತ್ತಾರೆ. ಮಕ್ಕಳಿಗೆ ಸಾಮಾನ್ಯವಾಗಿ ಮೆಶ್ ಬೇಕಾಗುವುದಿಲ್ಲ, ಹೊಲಿಗೆ ಕರಗುವಂಥದ್ದು. ಎಚ್ಚರವಾದ ಮೇಲೆ ಒಂದು ಸಲ ವಾಂತಿ, ಸ್ವಲ್ಪ ರಂಪ, ಸಂಜೆಗೆ ಇಡ್ಲಿ. ಮನೆ ದೂರ ಅಂತ ಒಂದು ರಾತ್ರಿ ಉಳಿದೆವು, ಇಲ್ಲದಿದ್ದರೆ ಅದೇ ದಿನ ಕಳಿಸುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಸಾಕಾಯ್ತು. ಮೂರನೇ ದಿನ ಅವಳು ಅಂಗಳದಲ್ಲಿ ಓಡುತ್ತಿದ್ದಳು, ಹಿಂದೆ ನಾನು. ಕೆಲವು ವಾರ ಅಲ್ಲಿ ಸ್ವಲ್ಪ ಊತ ಇತ್ತು, ಅತ್ತೆ ದಿನಾ ನೋಡಿ "ಹೋಗಲೇ ಇಲ್ಲವಲ್ಲೇ" ಅನ್ನುತ್ತಿದ್ದರು, ನಿಧಾನಕ್ಕೆ ಇಳಿಯಿತು. ನೂರರಲ್ಲಿ ಒಂದೆರಡು ಮಕ್ಕಳಿಗೆ ಮತ್ತೆ ಬರಬಹುದು, ಅದನ್ನೂ ಮುಂಚೆಯೇ ಹೇಳಿದ್ದರು.

ಖರ್ಚಿನ ವಿಷಯ ಕೇಳುವವರಿಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆಯ ಖರ್ಚು ಸಿಗುತ್ತದೆ. ಆದರೆ ನೇರ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಬೇಡಿ. ಈ ಆಪರೇಷನ್‌ಗೆ ಸಿಗುತ್ತದಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಮೊದಲೇ ವಿಚಾರಿಸಿ.

ಹೊಸನಗರದವಳಿಗೆ ಇಷ್ಟೆಲ್ಲ ಹೇಳಿ, ಶಿವಮೊಗ್ಗದ ಪ್ರಯಾಣ ಬಿಡು, ನಿಮ್ಮ ಮಕ್ಕಳ ಡಾಕ್ಟರಿಗೆ ಒಂದು ಸಲ ತೋರಿಸು, ಅವರ ಕೈಯಲ್ಲೇ ತೂತಿನ ಅಂಚು ಎಲ್ಲಿದೆ ಅಂತ ಕಲಿತುಕೋ ಅಂದೆ. ಕಾಸು ಕಟ್ಟಿದ್ದೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಐದು ರೂಪಾಯಿದು ಅಕ್ಕಾ" ಅಂದಳು.

ನಿನ್ನೆ ರಾತ್ರಿ ಮತ್ತೆ ಹತ್ತೂವರೆಗೇ ಫೋನು. "ಅಕ್ಕಾ, ಕಿರುಬೆರಳ ತುದಿಯೂ ಸರಿಯಾಗಿ ಹೋಗಲ್ಲ. ನಾಲ್ಕು ವರ್ಷ ಆಗ್ಲಿ ಅಂದ್ರು." ಕ್ಯಾಲೆಂಡರಲ್ಲಿ ಗುರುತು ಮಾಡಿ ಮಲಗು ಅಂದೆ.