ಹಾಲಿ ಅಧ್ಯಕ್ಷರು, ಮಾಜಿ

ಶಿವಮೊಗ್ಗದ ಕಾಲೇಜೊಂದರ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಯು ಆಡಳಿತ ಮಂಡಳಿಯ ಅಧ್ಯಕ್ಷರನ್ನು ಚುನಾವಣೆಯಿಲ್ಲದೆ, ಅವಿಶ್ವಾಸ ನಿರ್ಣಯವೂ ಇಲ್ಲದೆ ಪದಚ್ಯುತಗೊಳಿಸಿತು. ಹಾಳೆಯ ನಟ್ಟನಡುವೆ ಜೋಡಿಸಿದ್ದ ಅಕ್ಷರಗಳಲ್ಲಿ ಒಂದು ಸಾಲು ‘ಉಪಸ್ಥಿತಿ: ಹಾಲಿ ಅಧ್ಯಕ್ಷರು, ಮಾಜಿ’ ಎಂದು ಮುಗಿದಿತ್ತು, ಅದರ ಕೆಳಗೆ ‘ಉಪಾಧ್ಯಕ್ಷರು’ ಎಂಬ ಒಂಟಿ ಪದ ಯಾರ ಹಂಗೂ ಇಲ್ಲದೆ ವಿರಾಜಮಾನವಾಗಿತ್ತು. ಸ್ವಾಗತ ಸಮಿತಿಯ ಸರ್ವ ಸದಸ್ಯರೂ ಕರಡು ನೋಡಿ ಸಹಿ ಹಾಕಿದ್ದರೆಂಬುದು ನಿಜ. ಆದರೆ ಕರಡು ನೋಡುವುದೆಂದರೆ ತಂತಮ್ಮ ಹೆಸರು, ಇನಿಷಿಯಲ್ ಮತ್ತು ‘ಡಾ.’ ಸರಿಯಾಗಿವೆಯೇ ಎಂದು ನೋಡುವುದು. ಮದುವೆ ಕಾಗದದಿಂದ ಹಿಡಿದು ಶಂಕುಸ್ಥಾಪನೆಯ ಕಲ್ಲಿನವರೆಗೆ ಮಲೆನಾಡಿನಲ್ಲಿ ನಡೆದುಬಂದಿರುವ ಪದ್ಧತಿಯೇ ಅದು.

ತುರ್ತು ಸಭೆಯಲ್ಲಿ, ಪತ್ರಿಕೆಯನ್ನು ಪುಟದ ಅಕ್ಷರ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಸಿದ್ಧಪಡಿಸಿದ್ದ ಗಣಿತದ ಉಪನ್ಯಾಸಕರು ಯಂತ್ರದ ಪರವಾಗಿ ವಾದ ಮಂಡಿಸಿದರು. ಲೇಟೆಕ್‌ನ ಬುನಾದಿಯಾದ ಟೆಕ್, ಕಂಪ್ಯೂಟರ್ ವಿಜ್ಞಾನಿಗಳಾದ ಡೊನಾಲ್ಡ್ ಕನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ವಿಧಾನದಂತೆ, ಇಡೀ ಪ್ಯಾರಾವನ್ನು ಒಟ್ಟಿಗೆ ತೂಗಿ ಸಾಲು ಮುರಿಯುತ್ತದೆ. ಪದಗಳ ನಡುವಿನ ತೆರಪು ಅತಿಯಾಗಿ ಹಿಗ್ಗಿದರೆ ಅಥವಾ ಕುಗ್ಗಿದರೆ 10000ದವರೆಗೂ ‘ಕೆಟ್ಟತನ’ದ ಅಂಕ ಹಾಕುತ್ತದೆ. ಇಂಥ ಕಟ್ಟುನಿಟ್ಟಿನ ಪರೀಕ್ಷಕನು ಪಠ್ಯವನ್ನು ನಡುವೆ ಕೂರಿಸುವ ‘ಸೆಂಟರಿಂಗ್’ ಎಂಬ ಆಜ್ಞೆ ಕೇಳಿದೊಡನೆ ಪರಮ ದಯಾಳುವಾಗುತ್ತಾನೆ. ಸಾಲಿನ ಎರಡೂ ಬದಿಗೆ ಎಷ್ಟು ಬೇಕಾದರೂ ಹಿಗ್ಗಬಲ್ಲ ಖಾಲಿ ಜಾಗ ದೊರೆಯುವುದರಿಂದ, ಸಾಲು ಎಷ್ಟೇ ಗಿಡ್ಡವಾಗಿದ್ದರೂ ಅದರ ಕೆಟ್ಟತನ ಸೊನ್ನೆ. ಎಲ್ಲವೂ ನಿರ್ದೋಷಿಯಾಗಿರುವಾಗ ಪದವನ್ನು ಅಡ್ಡಗೆರೆ ಹಾಕಿ ಒಡೆಯುವ ಪ್ರಮೇಯವೂ ಬರುವುದಿಲ್ಲ. ನಮ್ಮ ತನಿಖಾ ಸಮಿತಿಗಳ ವರದಿಗಳು ಯಾವ ತಂತ್ರಾಂಶದಲ್ಲಿ ತಯಾರಾಗುತ್ತವೆಂಬ ಅನುಮಾನ ನನಗೆ ಬಂದದ್ದು ಆಗಲೇ.

‘ಹಾಗಾದರೆ ಹಿಂದಿನ ವರ್ಷ ಇದೇ ವಾಕ್ಯ ಬೇರೆ ಕಡೆ ಮುರಿದಿತ್ತಲ್ಲ ಮೇಷ್ಟ್ರೇ?’ ಎಂದು ಕಾರ್ಯದರ್ಶಿಗಳು ಕೇಳಿದರು. ಆಜ್ಞೆಯ ಮೊದಲಕ್ಷರ ಸಣ್ಣ ‘ಸಿ’ ಆದರೆ ಒಂದು ನ್ಯಾಯ, ರ‍್ಯಾಗ್ಡ್‌ಟುಇ ಎಂಬ ಹೆಚ್ಚುವರಿ ಪ್ಯಾಕೇಜಿನ ದೊಡ್ಡ ‘ಸಿ’ ಆದರೆ ಇನ್ನೊಂದು ನ್ಯಾಯ ಎಂದು ಮೇಷ್ಟ್ರು ವಿವರಿಸಿದರು. ದೊಡ್ಡ ‘ಸಿ’ಯ ದಯೆಗೆ ಮಿತಿಯಿದೆ, ಆದ್ದರಿಂದ ಅಲ್ಲಿ ಪದ ಒಡೆಯಲೂಬಹುದು. ಇನ್ನು ಪ್ಯಾರಾ ಮುಗಿಯುವ ಮೊದಲೇ ಆಜ್ಞೆಯನ್ನು ಒಳಗಿಟ್ಟ ಆವರಣ ಚಿಹ್ನೆ ಮುಚ್ಚಿಬಿಟ್ಟರೆ, ಸಾಲು ಮುರಿಯುವ ಹೊತ್ತಿಗೆ ಆಜ್ಞೆಯ ಅವಧಿಯೇ ತೀರಿರುತ್ತದೆ. ನಡುವೆ ಕೂರಬೇಕಾದ ಪಠ್ಯ ಅಂಚಿನಿಂದ ಅಂಚಿಗೆ ಹರಡಿಕೊಳ್ಳುತ್ತದೆ. ಅವಧಿ ಮುಗಿದ ಮೇಲೆ ಆಜ್ಞೆ ನಡೆಯುವುದಿಲ್ಲವೆಂಬ ಈ ಮಾತು ಸಭೆಯಲ್ಲಿದ್ದ ಕೆಲವರಿಗೆ ಹಿಡಿಸಲಿಲ್ಲ.

‘ಮಾಜಿ’ ಮತ್ತು ‘ಉಪಾಧ್ಯಕ್ಷರು’ ಪದಗಳ ನಡುವೆ ಖಾಲಿ ಜಾಗದ ಬದಲು ಒಂದು ಟಿಲ್ಡೆ (~) ಚಿಹ್ನೆ ಇಟ್ಟರೆ ಅವು ಅಗಲುವುದಿಲ್ಲವೆಂದು ಮೇಷ್ಟ್ರು ಪರಿಹಾರ ಸೂಚಿಸಿದರು. ಹಾಗೆ ಹೊಸದೊಂದು ಚಿಹ್ನೆ ಸೇರಿಸಲು ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕೆಂದು ಕಾನೂನು ಸಲಹೆಗಾರರು ಆಕ್ಷೇಪಿಸಿದ್ದರಿಂದ, ಜಗಳಕ್ಕೆ ಮೂಲವಾದ ‘ಮಾಜಿ’ ಪದವನ್ನೇ ತೆಗೆದು ಮರುಮುದ್ರಿಸಲು ತೀರ್ಮಾನವಾಯಿತು. ಸಂಕಿರಣದ ದಿನ ಮಾಜಿ ಉಪಾಧ್ಯಕ್ಷರು ಹೊಸನಗರದಿಂದ ಮೊದಲ ಬಸ್ಸಿಗೇ ಬಂದು, ಹೊಸ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಹಾಲಿ ಉಪಾಧ್ಯಕ್ಷರ ಕುರ್ಚಿಯಲ್ಲಿ ಕುಳಿತರು. ಹಾಲಿಯವರು ವಂದನಾರ್ಪಣೆ ಮುಗಿಯುವವರೆಗೂ ಮೈಕಿನವನ ಪಕ್ಕದಲ್ಲಿ ನಿಂತಿದ್ದರು.